ಕೆಂಪು ತಂತಿಯ ತೂಕ

ಕಣ್ಣಿಗೆ ಕಾಣುವ ಪದಾರ್ಥವನ್ನು ಕೊಳ್ಳುವುದು ಒಂದು ವಿದ್ಯೆಯಾದರೆ, ಕಾಣದ ಪದಾರ್ಥವನ್ನು ಕೊಳ್ಳುವುದು ಅದಕ್ಕಿಂತ ಕಠಿನವಾದ ಇನ್ನೊಂದು ವಿದ್ಯೆ. ಅಕ್ಕಿಯ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಬಹುದು. ಪಂಚೆಯ ಅಂಚನ್ನು ಬೆರಳುಗಳ ನಡುವೆ ಹೊಸೆದು ನೋಡಬಹುದು. ಬದನೆಯ ತೊಟ್ಟೇ ಅದರ ಪ್ರಾಯವನ್ನು ಹೇಳಿಬಿಡುತ್ತದೆ. ವಿದ್ಯುತ್ತಿನ ತಂತಿಯಾದರೋ ಮೈತುಂಬ ಹೊದೆದುಕೊಂಡು ಅಂಗಡಿಗೆ ಬರುತ್ತದೆ. ಕೊಳ್ಳುವವನಿಗೆ ಕಾಣುವುದು ಹೊದಿಕೆ. ಅವನಿಗೆ ಬೇಕಾದುದು ಒಳಗಿನ ಲೋಹ. ಹೊದಿಕೆಯ ಮೇಲೆ ಅಚ್ಚಾದ ಅಕ್ಷರಗಳನ್ನು ನಂಬಿ ಹಣವನ್ನು ಎಣಿಸಿಕೊಡುವುದಲ್ಲದೆ ಅವನಿಗೆ ಬೇರೆ ಗತಿಯಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಗತಿಯುಂಟು, ಅದು ತಕ್ಕಡಿಯಷ್ಟು ಹಳೆಯದು.

ಬೆಂಗಳೂರಿನ ಪೂರ್ವದಂಚಿನ ವೈಟ್‌ಫೀಲ್ಡು ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಜನರ ವ್ಯವಸಾಯದ ವಸತಿಯಾಗಿ ಹುಟ್ಟಿದ ಊರು. ದಕ್ಷಿಣದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಕಿಯೋನಿಕ್ಸ್ ಸಂಸ್ಥೆಯು ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕೆಲಸವನ್ನು ತೊಡಗಿಸಿತು. ಇಂದು ಈ ಎರಡು ಕಡೆಗಳಲ್ಲಿಯೂ ಗಣಕಯಂತ್ರದ ಮುಂದೆ ಕುಳಿತು ದುಡಿಯುವ ತರುಣರು ಅಸಂಖ್ಯ. ಅವರ ಮೋಟಾರು ಕಾರುಗಳೂ ಅಷ್ಟೇ ಅಸಂಖ್ಯ. ರಸ್ತೆಯೊಂದು ಮಾತ್ರ ಅವರಿಗೆ ಸಾಲುವಷ್ಟು ಅಗಲವಾಗಲಿಲ್ಲ. ಆದುದರಿಂದ ದಿನಕ್ಕೆ ಎರಡು ಮೂರು ಗಂಟೆಗಳ ಕಾಲ ನಿಂತ ಕಾರಿನೊಳಗೆ ಕುಳಿತಿರುವುದು ಅವರ ನಿತ್ಯಕರ್ಮಗಳಲ್ಲಿ ಒಂದಾಗಿದೆ. ಅಲ್ಲಿ ಸಂಗೀತವಲ್ಲದೆ ಬೇರೆ ಸಂಗಾತಿಯಿಲ್ಲ. ಕಾರಿನೊಡನೆ ಬಂದ ಪುಟ್ಟ ಸ್ಪೀಕರಿನಲ್ಲಿ ಮೃದಂಗದ ಎಡದ ಮುಖವು ಕೇಳಿಸುವುದೇ ಇಲ್ಲವೆಂದು ಒಬ್ಬನಿಗೆ ಬೇಸರವಾದರೆ, ಆ ಬೇಸರವನ್ನು ವಿಲಾಸವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಅಂತಹ ತರುಣನೊಬ್ಬನು ತನ್ನ ಕಾರಿನ ಡಿಕ್ಕಿಯಲ್ಲಿ ಆಂಪ್ಲಿಫಯರ್ ಒಂದನ್ನೂ ದೊಡ್ಡ ಸ್ಪೀಕರ್ ಒಂದನ್ನೂ ಇರಿಸಿಕೊಂಡನು. ಆಂಪ್ಲಿಫಯರಿನ ಪೆಟ್ಟಿಗೆಯ ಮೇಲೆ ೨,೦೦೦ ವಾಟು ಎಂದು ಬರೆದಿತ್ತು. ತಂತಿ, ಫ್ಯೂಸು, ಕೊಂಡಿಗಳೆಲ್ಲ ಒಂದೇ ಪೊಟ್ಟಣದಲ್ಲಿ, ಅಗ್ಗದ ಬೆಲೆಗೆ ದೊರೆತವು. ತಂತಿಯು ಕೆಂಪಾಗಿ, ನುಣುಪಾಗಿ, ಕಿರುಬೆರಳಿನಷ್ಟು ದಪ್ಪವಾಗಿ, ನೋಡುವುದಕ್ಕೆ ಬಹು ಸೊಗಸಾಗಿತ್ತು. ‘೮ ಗೇಜು’ ಎಂಬ ಅಕ್ಷರಗಳು ಅದರ ಉದ್ದಕ್ಕೂ ಬೆಳ್ಳಗೆ ಹೊಳೆಯುತ್ತಿದ್ದವು. ಅದನ್ನು ಮುಂದಿನ ಬ್ಯಾಟರಿಯಿಂದ ನೆಲಹಾಸಿನ ಕೆಳಗೆ, ಹಿಂದಿನ ಆಸನದ ಅಡಿಯಲ್ಲಿ ಹಾಯಿಸಿ ಡಿಕ್ಕಿಗೆ ಮುಟ್ಟಿಸಿದರು. ಮೊದಲನೆಯ ವಾರ ಎಲ್ಲವೂ ಚೆನ್ನಾಗಿತ್ತು. ಎರಡನೆಯ ವಾರ ಆತನು ಒಂದನ್ನು ಗಮನಿಸಿದನು: ರಾತ್ರಿಯ ಹೊತ್ತು ಹಾಡಿನಲ್ಲಿ ತಮಟೆಯ ಪೆಟ್ಟು ಬಿದ್ದಾಗಲೆಲ್ಲ ಆಂಪ್ಲಿಫಯರಿನ ದೀಪವು ಕಣ್ಣು ಮಿಟುಕಿಸುತ್ತಿತ್ತು. ಒಂದು ದಿನ ಹಿಂದಿನ ಆಸನದಲ್ಲಿ ಕುಳಿತ ಅವನ ಐದು ವರ್ಷದ ಮಗಳು ಕಾಲಿನ ಕೆಳಗೆ ಬೆಚ್ಚಗಿದೆಯೆಂದು ಹೇಳಿದಳು. ಚಳಿಗಾಲವಾದುದರಿಂದ ಅವಳಿಗೆ ಅದು ಹಿತವಾಗಿತ್ತು. ತಂದೆಯು ನೆಲಹಾಸನ್ನು ಎತ್ತಿ ತಂತಿಯನ್ನು ಮುಟ್ಟಿ ನೋಡಿ, ಅಂದೇ ಅದನ್ನು ಬ್ಯಾಟರಿಯಿಂದ ಬಿಚ್ಚಿದನು.

ಇಲ್ಲಿ ವಿದ್ಯುತ್ತಿನ ಸ್ವಭಾವವನ್ನು ಸ್ವಲ್ಪ ಹೇಳಬೇಕಾಗಿದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯನ್ನು ಕೋಲಾರದ ಚಿನ್ನದ ಗಣಿಗಳಿಗೆ ಕೊಂಡೊಯ್ದಾಗ ಮೈಸೂರು ಸಂಸ್ಥಾನದ ಎಂಜಿನಿಯರುಗಳು ಸುಮಾರು ೯೨ ಮೈಲಿಗಳ ದಾರಿಯನ್ನು ದಾಟಬೇಕಾಗಿತ್ತು. ಅಷ್ಟು ದೂರ ತಂತಿಯಲ್ಲಿ ಹರಿಯುವಾಗ ಶಕ್ತಿಯೆಲ್ಲ ದಾರಿಯಲ್ಲಿಯೇ ಕಾವಾಗಿ ಕಳೆದುಹೋಗದಂತೆ ಅವರು ಮಾಡಿದ ಉಪಾಯವೇನೆಂದರೆ, ಒತ್ತಡವನ್ನು ಹಲವು ಸಾವಿರ ವೋಲ್ಟುಗಳಿಗೆ ಏರಿಸಿ ಪ್ರವಾಹವನ್ನು ತಗ್ಗಿಸಿದುದು. ತಂತಿಯ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಪ್ರವಾಹವನ್ನು ಅರ್ಧಮಾಡಿದರೆ ನಷ್ಟವು ಕಾಲುಭಾಗಕ್ಕೆ ಇಳಿಯುತ್ತದೆ. ಕಾರಿನಲ್ಲಿ ಈ ಉಪಾಯಕ್ಕೆ ಎಡೆಯಿಲ್ಲ. ಅಲ್ಲಿ ಒತ್ತಡವು ೧೨ ವೋಲ್ಟು, ಎಂಜಿನು ನಡೆಯುತ್ತಿರುವಾಗ ೧೪ರ ಸುಮಾರು. ಆದುದರಿಂದ ಸ್ವಲ್ಪ ಶಕ್ತಿಗೂ ಪ್ರವಾಹವು ಬಹಳ ಬೇಕು. ಮನೆಯಲ್ಲಿ ೬೦೦ ವಾಟಿನ ಇಸ್ತ್ರಿಪೆಟ್ಟಿಗೆಯು ಎರಡೂವರೆ ಆಂಪಿಯರಿಗೆ ತೃಪ್ತಿಪಡುತ್ತದೆ. ಅಷ್ಟೇ ವಾಟಿಗೆ ಕಾರಿನಲ್ಲಿ ೪೫ ಆಂಪಿಯರ್ ಹರಿಯಬೇಕು. ದೂರವೇನೋ ಹದಿನಾರು ಅಡಿ. ಆದರೂ ಶಿವನಸಮುದ್ರದ ಸಮಸ್ಯೆಯೇ ಅಲ್ಲಿ ತಲೆಕೆಳಗಾಗಿ ನಿಂತಿದೆ. ಅದಕ್ಕೆ ಉಳಿದ ಪರಿಹಾರವು ಲೋಹದ ದಪ್ಪವೊಂದೇ.

ತರುಣನಿಗೆ ಪೀಣ್ಯದಲ್ಲಿ ಸೋದರಮಾವನೊಬ್ಬನಿದ್ದನು. ಮೂವತ್ತು ವರ್ಷಗಳಿಂದ ಸುಟ್ಟ ಮೋಟಾರುಗಳಿಗೆ ತಾಮ್ರದ ಸುರುಳಿಯನ್ನು ಮತ್ತೆ ಸುತ್ತಿಕೊಡುವುದು ಅವನ ಕಸುಬು. ಸೋದರಳಿಯನು ಅವನ ಅಂಗಡಿಗೆ ಹೋಗುತ್ತಿದ್ದುದು ಅಪರೂಪ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಮಾತನಾಡಿಸುತ್ತಿದ್ದುದುಂಟು. ಈಗ ತಂತಿಯನ್ನು ಚೀಲದಲ್ಲಿ ಹಾಕಿಕೊಂಡು ಕಾಡುಗೋಡಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸುರು ಮಾರ್ಗಕ್ಕೆ ಬದಲಾಯಿಸಿ, ಪೀಣ್ಯದಲ್ಲಿ ಇಳಿದನು.

ಮಾವನು ಪೆಟ್ಟಿಗೆಯ ಮೇಲಿನ ೨,೦೦೦ ವಾಟಿನ ಸಂಖ್ಯೆಯನ್ನು ಕೇಳಿ ನಕ್ಕು, ಆಂಪ್ಲಿಫಯರಿನ ಬೆನ್ನಿನಲ್ಲಿರುವ ಫ್ಯೂಸುಗಳೆಷ್ಟೆಂದು ಕೇಳಿದನು. ೨೫ ಆಂಪಿಯರಿನವು ಎರಡು. ಎಂದರೆ ಅದು ೫೦ ಆಂಪಿಯರಿಗಿಂತ ಹೆಚ್ಚಾಗಿ ಬಹಳ ಹೊತ್ತು ಕುಡಿಯಲಾರದು. ೪೫ ಎಂದಿಟ್ಟುಕೊಂಡರೆ ಒಳಗೆ ಹೋಗುವುದು ೬೨೦ ವಾಟು, ಸದ್ದಾಗಿ ಹೊರಬರುವುದು ಹೆಚ್ಚೆಂದರೆ ೪೮೦. ಪೆಟ್ಟಿಗೆಯ ಮೇಲಿನ ಸಂಖ್ಯೆಯು ವ್ಯಾಪಾರಕ್ಕೆ, ಫ್ಯೂಸಿನ ಮೇಲಿನ ಸಂಖ್ಯೆಯು ತಂತಿಗೆ. ಈ ಒಂದು ಲೆಕ್ಕವನ್ನು ಅರಿತವನು ಅರ್ಧ ಮೋಸದಿಂದ ಪಾರಾದಂತೆಯೇ.

ಬಳಿಕ ಅವನು ತಂತಿಯ ಒಂದು ಮೀಟರನ್ನು ಕತ್ತರಿಸಿ, ಹೊದಿಕೆಯನ್ನು ಸುಲಿದನು. ಹೊದಿಕೆಯು ಬಾಳೆದಿಂಡಿನಂತೆ ಸುತ್ತು ಸುತ್ತಾಗಿ ಬಂತು. ಲೋಹವು ಒಳಗೆ ನಾರಿನಂತೆ ಉಳಿಯಿತು. ಎಳೆಗಳು ಕೆಂಪಾಗಿಯೇ ಇದ್ದವು. ಒಂದು ಎಳೆಯನ್ನು ಚಾಕುವಿನ ಅಲಗಿನಲ್ಲಿ ಕೆರೆದಾಗ ಕೆಂಪು ಹೋಗಿ ಬೆಳ್ಳಿಯ ಬಣ್ಣ ಹೊರಬಿತ್ತು. ಹಿತ್ತಾಳೆ ತಾಮ್ರಗಳ ಪಾತ್ರೆಗೆ ಒಳಗಡೆ ತವರದ ಕಲಾಯಿ ಹಾಕಿಸುವುದು ಎಲ್ಲರೂ ಬಲ್ಲ ಪದ್ಧತಿ. ಇಲ್ಲಿಯಾದರೋ ಅಲ್ಯೂಮಿನಿಯಮ್ಮಿಗೆ ತಾಮ್ರದ ಕಲಾಯಿಯಾಗಿತ್ತು. ಕೆಂಪಗಿರುವುದೆಲ್ಲ ತಾಮ್ರವಲ್ಲ. ಎಳೆಯ ತುದಿಯನ್ನು ಗ್ಯಾಸಿನ ಉರಿಗೆ ಹಿಡಿದರೂ ತಿಳಿಯುತ್ತದೆ: ಅಲ್ಯೂಮಿನಿಯಂ ೬೬೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ ಕುಗ್ಗುತ್ತದೆ, ತಾಮ್ರಕ್ಕೆ ೧,೦೮೫ ಬೇಕಾದುದರಿಂದ ಅದು ಕೆಂಪಗೆ ಕಾದು ಹಾಗೆಯೇ ನಿಲ್ಲುತ್ತದೆ.

ಆದರೆ ಮಾವನ ಮೆಚ್ಚಿನ ಪರೀಕ್ಷೆಯು ತಕ್ಕಡಿ. ಕಿರೀಟದ ಚಿನ್ನವನ್ನು ಕರಗಿಸದೆಯೇ ಪರೀಕ್ಷಿಸಿದ ಆರ್ಕಿಮಿಡೀಸನ ಕಥೆಯನ್ನು ಶಾಲೆಯಲ್ಲಿ ಓದದವರಿಲ್ಲ; ಅಂಗಡಿಯಲ್ಲಿ ನೆನಸಿಕೊಳ್ಳುವವರು ವಿರಳ. ೮ ಗೇಜಿನ ತಂತಿಯ ಅಡ್ಡಕೊಯ್ತವು ೮.೩೭ ಚದರ ಮಿಲಿಮೀಟರು ಇರತಕ್ಕದ್ದು. ತಾಮ್ರವು ಘನ ಸೆಂಟಿಮೀಟರಿಗೆ ೮.೯೬ ಗ್ರಾಮು ತೂಗುವುದರಿಂದ ಒಂದು ಮೀಟರು ತಂತಿಯ ಲೋಹವು ೭೫ ಗ್ರಾಮು ತೂಗಬೇಕು. ಸುತ್ತುವ ತಂತಿಯನ್ನು ತೂಗಲು ಮಾವನು ಇಟ್ಟುಕೊಂಡಿದ್ದ ತಕ್ಕಡಿಯಲ್ಲಿ ಅದು ೨೦ ಗ್ರಾಮು ತೂಗಿತು. ಲೋಹವೂ ಬೇರೆ, ಅಳತೆಯೂ ಕಡಮೆ. ಎಳೆಗಳನ್ನು ಎಣಿಸಿ, ಒಂದರ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಗುಣಿಸಿದಾಗ ಅಡ್ಡಕೊಯ್ತವು ೬ ಚದರ ಮಿಲಿಮೀಟರಿನ ಸುಮಾರಿಗೆ ಬಂತು. ೧೯೬೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ಇದೇ ಬೆಂಗಳೂರಿನಲ್ಲಿದೆಯಷ್ಟೆ. ಹದಿನಾರು ಅಡಿ ತಂತಿಗಾಗಿ ಆ ಬಾಗಿಲನ್ನು ಯಾರೂ ತಟ್ಟರು, ತಟ್ಟಬೇಕಾದುದೂ ಇಲ್ಲ.

ಸೋದರಳಿಯನು ಲೆಕ್ಕದಲ್ಲಿ ಚುರುಕಾದವನು. ಉಳಿದುದನ್ನು ಅವನೇ ಕಾಗದದ ಮೇಲೆ ಮಾಡಿದನು. ಇಂತಹ ಮಿಶ್ರ ತಂತಿಯ ವಾಹಕಶಕ್ತಿಯು ತಾಮ್ರದ ನೂರರಲ್ಲಿ ೬೩ರಷ್ಟು. ಐದು ಮೀಟರಿನ ದಾರಿಯಲ್ಲಿ, ೪೫ ಆಂಪಿಯರ್ ಹರಿದಾಗ, ಒಂದು ವೋಲ್ಟಿನಷ್ಟು ಒತ್ತಡವು ತಂತಿಯಲ್ಲಿಯೇ ಕಳೆದುಹೋಗುತ್ತದೆ. ೪೬ ವಾಟು ಕಾವಾಗುತ್ತದೆ. ಹಿಂದೆ ಮನೆಮನೆಯಲ್ಲಿದ್ದ ೪೦ ವಾಟಿನ ಬಲ್ಬು ಮುಟ್ಟಿದರೆ ಕೈ ಸುಡುತ್ತಿದ್ದುದು ನೆನಪಿರಬಹುದು. ಸಂಗೀತದಲ್ಲಿ ಪ್ರವಾಹವು ಏರಿಳಿಯುವುದರಿಂದ ಸರಾಸರಿ ಕಾವು ಇದಕ್ಕಿಂತ ಕಡಮೆಯೆಂಬುದು ನಿಜ. ಆದರೂ ಅದು ಗಾಳಿಯಾಡದ ನೆಲಹಾಸಿನ ಕೆಳಗೆ, ಮಗಳ ಪಾದಗಳ ಅಡಿಯಲ್ಲಿ ಹರಿದಿತ್ತು. ಲೆಕ್ಕವನ್ನು ಮುಗಿಸಿ ಆತನು ಬಹಳ ಹೊತ್ತು ಮಾತನಾಡಲಿಲ್ಲ. ಮಾವನು ಕಾಫಿ ತರಿಸಿದನು.

ಗೇಜಿನ ಸಂಖ್ಯೆಯು ಹೊಸಬರನ್ನು ಹಾದಿ ತಪ್ಪಿಸುವುದುಂಟು. ಅಮೆರಿಕದಲ್ಲಿ ೧೮೫೭ರಲ್ಲಿ ಹುಟ್ಟಿದ ಈ ಕ್ರಮದಲ್ಲಿ ಸಂಖ್ಯೆಯು ಇಳಿದಂತೆ ತಂತಿಯು ದಪ್ಪವಾಗುತ್ತದೆ. ಮೂರು ಮೆಟ್ಟಲು ಇಳಿದರೆ ಅಡ್ಡಕೊಯ್ತವು ಇಮ್ಮಡಿಯಾಗುತ್ತದೆ. ೪ ಗೇಜೆಂದರೆ ೨೧ ಚದರ ಮಿಲಿಮೀಟರು. ಸೊನ್ನೆ ಗೇಜೆಂದರೆ ೫೩. ಇಲ್ಲಿನ ಅಂಗಡಿಗಳಲ್ಲಿ ೧೦, ೧೬, ೨೫, ೩೫ ಎಂದು ಚದರ ಮಿಲಿಮೀಟರಿನಲ್ಲಿಯೇ ಕೇಳುವುದು ಕ್ಷೇಮ; ಆ ಅಳತೆಯಲ್ಲಿ ಮಾರುವವನು ತಾಮ್ರವನ್ನು ಮಾರುತ್ತಿದ್ದಾನೋ ಸಂಖ್ಯೆಯನ್ನು ಮಾರುತ್ತಿದ್ದಾನೋ ಎಂಬುದು ಬೇಗ ಗೊತ್ತಾಗುತ್ತದೆ. ಮಿಶ್ರ ತಂತಿಯೇ ಅಧರ್ಮವೆಂದು ಹೇಳಲಾಗದು. ಹಾಗೆಂದು ಹೆಸರಿಟ್ಟು ಮಾರಿ, ಕೊಳ್ಳುವವನು ಒಂದೂಮುಕ್ಕಾಲು ಪಾಲು ಹೆಚ್ಚು ದಪ್ಪವನ್ನು ಕೊಂಡರೆ ಅದು ಕೆಲಸಮಾಡುತ್ತದೆ. ಇನ್ನು ಆಮ್ಲಜನಕರಹಿತ ತಾಮ್ರವೆಂದು ಹೆಚ್ಚು ಬೆಲೆ ಕೇಳುವವರುಂಟು; ಸಾಮಾನ್ಯವಾದ ವಿದ್ಯುತ್ ತಾಮ್ರವೂ ನೂರಕ್ಕೆ ೯೯.೯ಕ್ಕಿಂತ ಶುದ್ಧವಾದುದೇ ಆದುದರಿಂದ, ಆ ವ್ಯತ್ಯಾಸವು ಯಾವ ಕಿವಿಗೂ ಕೇಳಿಸತಕ್ಕದ್ದಲ್ಲ.

ಹೊಸ ತಂತಿಗಾಗಿ ಇಬ್ಬರೂ ಜೆ.ಸಿ. ರಸ್ತೆಗೂ ಹೋಗಲಿಲ್ಲ, ಎಸ್.ಪಿ. ರಸ್ತೆಗೂ ಹೋಗಲಿಲ್ಲ. ಪೀಣ್ಯದಲ್ಲಿ ಬೆಸುಗೆಯ ಕೆಲಸ ನಡೆಯದ ಬೀದಿಯಿಲ್ಲ. ವೆಲ್ಡಿಂಗ್ ಕೇಬಲ್ ಮಾರುವ ಅಂಗಡಿಯು ಹೆಜ್ಜೆಗೊಂದಿದೆ. ಕೂದಲಿನಂತಹ ತಾಮ್ರದ ಎಳೆಗಳಿಂದ ಮಾಡಿದ ಆ ಕೇಬಲ್ಲು ಹಗ್ಗದಂತೆ ಬಾಗುತ್ತದೆ. ಅದಕ್ಕೆ ಬಣ್ಣದ ಬೆಡಗಿಲ್ಲ, ಕರಿಯ ರಬ್ಬರು. ೨೫ ಚದರ ಮಿಲಿಮೀಟರಿನದನ್ನು ಐದೂವರೆ ಮೀಟರು ಅಳೆಸಿ, ತುದಿಯ ಒಂದು ತುಂಡನ್ನು ಸುಲಿದು ತೂಗಿ ನೋಡಿದರು. ಮೀಟರಿಗೆ ೨೨೪ ಗ್ರಾಮಿನ ಲೆಕ್ಕಕ್ಕೆ ಬಹು ಹತ್ತಿರ ಬಂತು. ಅಂಗಡಿಯವನು ಈ ಪರೀಕ್ಷೆಗೆ ಸಿಟ್ಟಾಗದೆ ತಾನೇ ಬಟ್ಟನ್ನು ಇಟ್ಟನು. ಸರಕು ಸಾಚಾ ಎಂಬುದಕ್ಕೆ ಅದೂ ಒಂದು ಗುರುತು. ಬೆಲೆಯು ಹಿಂದಿನ ಪೊಟ್ಟಣದ ಹಲವು ಪಟ್ಟಾಯಿತು. ಇದರಲ್ಲಿ ಕಳೆಯುವ ಒತ್ತಡವು ಒಂದು ವೋಲ್ಟಿನ ಆರನೆಯ ಒಂದು ಪಾಲಿಗಿಂತಲೂ ಕಡಮೆ, ಕಾವು ೭ ವಾಟು. ಸೊನ್ನೆ ಗೇಜಿನದನ್ನೇ ಹಾಕಿಬಿಡೋಣವೆಂದು ತರುಣನು ಉತ್ಸಾಹಪಟ್ಟನು, ಮಾವನು ಒಪ್ಪಲಿಲ್ಲ. ಕಾಲುವೆಯನ್ನು ಎಷ್ಟು ಅಗಲಮಾಡಿದರೂ ಕೆರೆಯಲ್ಲಿ ನೀರು ಹೆಚ್ಚುವುದಿಲ್ಲ. ಶಕ್ತಿಯನ್ನು ಕೊಡತಕ್ಕದ್ದು ಎಂಜಿನಿನ ಆಲ್ಟರ್ನೇಟರು.

ಜೋಡಿಸುವ ಕೆಲಸವು ಭಾನುವಾರ ನಡೆಯಿತು. ಫ್ಯೂಸನ್ನು ಬ್ಯಾಟರಿಯಿಂದ ಒಂದು ಮೊಳದೊಳಗೆ ಇಟ್ಟರು. ಅನೇಕರು ಅದನ್ನು ಆಂಪ್ಲಿಫಯರಿನ ಬಳಿಯಲ್ಲಿ ಇಡುವುದುಂಟು. ಅದು ಕಳ್ಳನು ಒಳಗೆ ಬಂದ ಮೇಲೆ ಹಿತ್ತಲಿನ ಬಾಗಿಲಿಗೆ ಅಗುಳಿ ಹಾಕಿದಂತೆ. ಫ್ಯೂಸು ಕಾಯಬೇಕಾದುದು ತಂತಿಯನ್ನು. ನಡುವೆ ಎಲ್ಲಿಯಾದರೂ ತಂತಿಯು ಸವೆದು ಕಾರಿನ ಮೈಗೆ ತಗುಲಿದರೆ ಬ್ಯಾಟರಿಯು ನೂರಾರು ಆಂಪಿಯರನ್ನು ಸುರಿಯಬಲ್ಲುದು. ೬೦ ಆಂಪಿಯರಿನ ಫ್ಯೂಸು ಸಾಕಾಯಿತು. ಎಂಜಿನಿನ ತಗಡಿನ ಗೋಡೆಯನ್ನು ತಂತಿಯು ದಾಟುವ ತೂತಿಗೆ ರಬ್ಬರಿನ ಬಳೆಯನ್ನು ತೊಡಿಸಿ, ಎಣ್ಣೆ ಕಾವುಗಳು ತಾಗದಂತೆ ಅಲ್ಲಿಯ ತಂತಿಯನ್ನು ಕೊಳವೆಯೊಳಗೆ ಹಾಯಿಸಿದರು. ಕೊಂಡಿಗಳನ್ನು ಸುತ್ತಿಗೆಯಿಂದ ಬಡಿಯದೆ, ಮಾವನ ಅಂಗಡಿಯ ಒತ್ತುಯಂತ್ರದಲ್ಲಿ ಒತ್ತಿದರು. ಹಿಂದಿರುಗುವ ತಂತಿಯನ್ನೂ ಅಷ್ಟೇ ದಪ್ಪವಾಗಿ, ಮೊಳದುದ್ದ ಮಾತ್ರ ಇಟ್ಟು, ಡಿಕ್ಕಿಯ ತಗಡಿನ ಬಣ್ಣವನ್ನು ಹೊಳೆಯುವವರೆಗೆ ಕೆರೆದು ಬೋಲ್ಟಿನಿಂದ ಬಿಗಿದರು. ಹೆಚ್ಚಿನ ತೊಂದರೆಗಳೆಲ್ಲ ಹುಟ್ಟುವುದು ಈ ಕೆರೆಯದ ಬಣ್ಣದಲ್ಲಿ.

ತರುಣನು ಈ ಕೆಲಸದಲ್ಲಿ ಕೈಗೆ ಮಸಿ ಮಾಡಿಕೊಂಡು ಮಾವನ ಪಕ್ಕದಲ್ಲಿ ಮಧ್ಯಾಹ್ನದವರೆಗೆ ಕುಳಿತಿದ್ದನು. ಹುಡುಗಿಯು ಟಾರ್ಚು ಹಿಡಿದಿದ್ದಳು. ಒಂದು ಗಂಟೆಯ ಕಾಲ ಹಾಡಿಸಿದ ಮೇಲೆ ನೆಲಹಾಸನ್ನು ಎತ್ತಿ ಅವಳ ಕೈಯಿಂದಲೇ ಮುಟ್ಟಿಸಿದರು. ತಣ್ಣಗಿದೆಯೆಂದಳು, ಅವಳ ದನಿಯಲ್ಲಿ ತುಸು ನಿರಾಶೆಯಿತ್ತು. ಕೆಂಪು ತಂತಿಯ ಉಳಿದ ನಾಲ್ಕು ಮೀಟರು ಈಗ ಪೀಣ್ಯದ ಅಂಗಡಿಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವುದಕ್ಕೆ ಕಟ್ಟಿದೆ. ಹಗುರವಾದುದರಿಂದ ಆ ಕೆಲಸಕ್ಕೆ ಅದು ಚೆನ್ನಾಗಿಯೇ ಒದಗಿದೆ.