ಹತ್ತು ವರ್ಷದ ಕೇಸು, ಮೂರು ವರ್ಷದ ಗ್ರಾಂಟು



ಮರಕುಂಬಿ ನೆನಪಿದೆಯಾ? ಗಂಗಾವತಿ ತಾಲೂಕಿನ ಆ ಊರಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಇಟ್ಟಿದ್ದು 2014ರಲ್ಲಿ. ಕೊಪ್ಪಳ ಕೋರ್ಟು 98 ಜನರಿಗೆ ಜೀವಾವಧಿ ಕೊಟ್ಟಿದ್ದು 2024ರಲ್ಲಿ. ಅಲ್ಲಿಗೂ ಮುಗಿಯಲಿಲ್ಲ, ಕೇಸು ಹೈಕೋರ್ಟಿಗೆ ಹೋಯಿತು. ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟಿದ್ದು 1927ರಲ್ಲಿ, ಆ ಕೇಸು ಬಾಂಬೆ ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ಅದೂ ಹತ್ತು ವರ್ಷ.

ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ಜನರನ್ನು ಸುಟ್ಟರು. ಸಾಕ್ಷಿಗಳು ಕೊನೇವರೆಗೆ ನಿಲ್ಲಲಿಲ್ಲ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ.

ಸಾಕ್ಷಿಗೆ ಪ್ರಯಾಣ ಭತ್ಯೆ ಕೊಡಬೇಕು ಅಂತ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲೇ ಇದೆ. ಆದರೆ ಅದನ್ನು ಕೇಳಿ ಕೊಡಿಸೋಕೆ, ಚಾರ್ಜ್‌ಶೀಟ್ ಓದಿ ಹೇಳೋಕೆ, ಪ್ರತಿ ವಾಯಿದೆಗೂ ಜೊತೆಗಿರೋಕೆ ನಮ್ಮ ಕಡೆ ಒಬ್ಬ ವಕೀಲರು ಬೇಕು. ಅವರಿಗೂ ಮನೆ ಬಾಡಿಗೆ ಇದೆ.

ಇಂಥ ಕೆಲಸಕ್ಕೆ ಆಸರೆ ಗ್ರಾಂಟು. ಅದು ಒಂದೋ ಮೂರೋ ವರ್ಷ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ತಿದ್ದಿ, ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಸಣ್ಣ ಸಂಘಕ್ಕೆ ಹಂಚೋದನ್ನೂ ನಿಲ್ಲಿಸಿದರು.

ನಮ್ಮ ಹೊರಮಾವಿನಲ್ಲೇ ನೋಡಿ. ಮೀಸಲಾತಿಯಲ್ಲಿ ಓದಿ, ಕೆಲಸ ಹಿಡಿದು, ಫ್ಲಾಟು ಕೊಂಡ ನಮ್ಮವರಿದ್ದಾರೆ. ಏಪ್ರಿಲ್ 14ರ ಫ್ಲೆಕ್ಸಿಗೆ ಕೈಬಿಚ್ಚಿ ಕೊಡ್ತೀರಿ, ಸಂತೋಷ. ಇದಕ್ಕೂ ತಿಂಗಳಿಗೆ 200 ರೂಪಾಯಿ ಎತ್ತಿಡಿ. ನೂರು ಜನ ಸೇರಿದರೆ 20,000. ಜಿಲ್ಲಾ ಕೋರ್ಟಿನಲ್ಲಿ ನಮ್ಮದೇ ಹುಡುಗಿಯೊಬ್ಬಳು ಕರಿ ಕೋಟು ಹಾಕಿ ನಿಲ್ಲೋಕೆ ಒಂದು ದಾರಿ ಆಗುತ್ತೆ.

ಗ್ರಾಂಟು ಬಂದರೆ ಬರಲಿ, ಬೇಡ ಅನ್ನಲ್ಲ. ಅದು ನಿಂತ ದಿನ ಕೇಸು ನಿಲ್ಲಬಾರದು, ಅಷ್ಟೆ.