ನೀರಿಗಿಳಿಯಲು ಒಂದು ನೆವ

ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಿಂದ ಬರುವ ಮುಂಚೆ ಅಕ್ಕನ ಮಗ ಫೋನಿನಲ್ಲೇ ಷರತ್ತು ಹಾಕಿದ್ದ: "ಮಾವ, ಎಲ್ಲರೂ ನಾಲ್ಕು ದಿನ ಒಟ್ಟಿಗಿರೋ ಹಾಗೆ ಒಂದು ಮನೆ ಬಾಡಿಗೆಗೆ ನೋಡಿ. ಮುಂದೆ ಕಡಲಿರಬೇಕು, ಹಿಂದೆ ಬೆಟ್ಟ." ಅವರ ಕಡೆ ಅಂಥವು ಸಿಗುತ್ತವಂತೆ. ಹಾಸನ ಜಿಲ್ಲೆಯಲ್ಲಿ ಬೆಟ್ಟಕ್ಕೇನೂ ಬರವಿಲ್ಲ, ಕಡಲನ್ನು ಎಲ್ಲಿಂದ ತರಲಿ? ಶಿರಾಡಿ ಘಾಟಿ ಇಳಿದರೆ ಮಂಗಳೂರಿದೆ ನಿಜ. ಆದರೆ ಎಂಬತ್ತು ದಾಟಿದ ನಮ್ಮವ್ವ ಆ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳದೆ ಗುಂಡ್ಯ ಮುಟ್ಟಿದ್ದೇ ಇಲ್ಲ. ಕೊನೆಗೆ ಹೇಮಾವತಿ ಹಿನ್ನೀರಿನ ಪಕ್ಕ ಒಂದು ಹೋಂಸ್ಟೇ ಗೊತ್ತುಮಾಡಿದೆ. ಎದುರಿಗೆ ಕಣ್ಣು ಹಾಯುವಷ್ಟು ನೀರು, ಪಡುವಣಕ್ಕೆ ಮಸುಕು ಮಸುಕಾಗಿ ಬೆಟ್ಟದ ಸಾಲು. ಇದಕ್ಕಿಂತ ಹೆಚ್ಚಿನ ಕಡಲು ಬಯಲುಸೀಮೆಯ ಅಂಚಿನವನ ಕೈಗೆ ಎಟುಕುವುದಿಲ್ಲ. ಈ ನೀರನ್ನು ಹಿಡಿದಿಟ್ಟ ಗೊರೂರು ಅಣೆಕಟ್ಟೆಯ ಗರಿಷ್ಠ ಮಟ್ಟ 2922 ಅಡಿ ಅಂತ ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಬರುತ್ತದೆ, ಹಾಸನದ ಮಕ್ಕಳಿಗೂ ಅದು ಬಾಯಿಪಾಠ. ಸಮುದ್ರಮಟ್ಟದಿಂದ ಅಷ್ಟು ಮೇಲಿರುವ ಸಮುದ್ರ ಕ್ಯಾಲಿಫೋರ್ನಿಯಾದಲ್ಲೂ ಇರಲಾರದು.

ಇದೇ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು 'ಅಮೆರಿಕದಲ್ಲಿ ಗೊರೂರು' ಬರೆದು 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಮ್ಮ ಹುಡುಗ ಗೊರೂರಿನಲ್ಲಿ ಅಮೆರಿಕ ಹುಡುಕಲು ಬಂದಿದ್ದ.

ಹೋಂಸ್ಟೇಯವರು ಬಾಗಿಲ ಹಿಂದೆ ಲ್ಯಾಮಿನೇಟ್ ಮಾಡಿಸಿದ ಹಾಳೆಯೊಂದನ್ನು ತೂಗುಹಾಕಿದ್ದರು. ಇಲ್ಲಿ ಮಾಡಬಹುದಾದವು: ಕಯಾಕ್, ಸೂರ್ಯಾಸ್ತ, ಕ್ಯಾಂಪ್‌ಫೈರ್, ಮಂಜರಾಬಾದ್ ಕೋಟೆ, ಶೆಟ್ಟಿಹಳ್ಳಿ ಚರ್ಚು. ಅವ್ವ ಓದಿಸಿಕೊಂಡು ಕೇಳಿದಳು: "ಇಷ್ಟೂ ಮಾಡ್ಲೇಬೇಕೇನೋ ಮಗ? ಸೂರ್ಯ ಮುಳುಗೋದಕ್ಕೂ ನಾವೇ ಏನಾದ್ರೂ ಮಾಡಬೇಕಾ?"

ಅವಳ ಪ್ರಶ್ನೆ ತಲೆಯಲ್ಲಿ ಉಳಿಯಿತು. ನಮ್ಮ ಜನ ಬೆಟ್ಟ ಹತ್ತದವರಲ್ಲ, ನೀರಿಗಿಳಿಯದವರೂ ಅಲ್ಲ. ಆದರೆ ಪ್ರತಿಯೊಂದಕ್ಕೂ ಒಂದು ನೆವ ಬೇಕು. ನನ್ನ ಹೆಂಡತಿ ಹುಟ್ಟಿ ಬೆಳೆದದ್ದು ಹೊಳೆನರಸೀಪುರದಲ್ಲಿ. ಊರಿನ ಹೆಸರಿನಲ್ಲೇ ಹೊಳೆಯಿದ್ದರೂ ತಲೆಯ ಮೇಲೆ ಬಟ್ಟೆಯ ಗಂಟಿಲ್ಲದೆ ಹೊಳೆಗೆ ಹೋದ ನೆನಪು ಅವಳಿಗಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಗಿಳಿದರೆ ಅದು ಸ್ನಾನ. ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಪುರಿ ಎಸೆಯುತ್ತ ಅರ್ಧ ದಿನ ಕೂತರೂ ಸೋಮಾರಿತನವಲ್ಲ, ಅವು ಯಾರೂ ಹಿಡಿಯದ ದೇವರ ಮೀನು. ಚನ್ನರಾಯಪಟ್ಟಣದವರು ಶ್ರವಣಬೆಳಗೊಳದಲ್ಲಿ ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾರೆ, ಅದಕ್ಕೆ ಟ್ರೆಕ್ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ. ಮೇಲೆ 57 ಅಡಿಯ ಗೊಮ್ಮಟ ಕಾಯುತ್ತಿದ್ದಾನೆ, ಹತ್ತದೆ ಇರಲಾದೀತೆ? ಹಾಗೆ ನೋಡಿದರೆ ಬೆಟ್ಟ, ನೀರು ಎರಡೂ ಒಟ್ಟಿಗೆ ಬೇಕೆನ್ನುವವರಿಗೆ ಆ ಊರೇ ಸರಿ. ಎರಡು ಬೆಟ್ಟಗಳ ನಡುವೆ ಒಂದು ಕೊಳ, ಬಿಳಿಯ ಕೊಳವೇ ಬೆಳಗೊಳ. ಅಷ್ಟೇಕೆ, ಜಲಾಶಯ ತುಂಬಿದಾಗ ಮಂತ್ರಿಗಳು ಬರುವುದೂ ಬಾಗಿನದ ನೆವದಿಂದಲೇ. ಸುಮ್ಮನೆ ನೀರು ನೋಡಲು ಬಂದೆ ಎಂದು ಹೇಳುವ ಧೈರ್ಯ ಅವರಿಗೂ ಇಲ್ಲ.

ಬಾಡಿಗೆ ಮನೆಯಲ್ಲಿ ಈ ನೆವವೇ ಇಲ್ಲ. ದುಡ್ಡು ಕೊಟ್ಟಾಗಿದೆ, ಖುಷಿಪಡಬೇಕು, ಅಷ್ಟೆ. ಮೊದಲ ದಿನ ಹುಡುಗ ಕಯಾಕ್ ಹತ್ತಿ ದೂರ ಹೋಗಿ ಬಂದ. ಉಳಿದ ನಾವು ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಕೂತೆವು.

ಎರಡನೆಯ ದಿನ ಸಕಲೇಶಪುರ ದಾಟಿ ಮಂಜರಾಬಾದ್. 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಕೋಟೆ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆಂಬ ಮಾತು ನಾನು ಚಿಕ್ಕವನಾಗಿದ್ದಾಗಿನಿಂದಲೂ ಇದೆ. ನಾನು ಎಂಟು ಸಲ ಹತ್ತಿದ್ದೇನೆ, ಆಕಾಶ ಒಮ್ಮೆಯೂ ತಿಳಿಯಾಗಿರಲಿಲ್ಲ. ಗೋಡೆಯ ಮೇಲೆ ಕೂತು ಸೌತೆಕಾಯಿ ತಿನ್ನುತ್ತಿದ್ದ ಒಬ್ಬಾತ ನಮ್ಮ ಹುಡುಗನ ಮುಖ ನೋಡಿ ಸಮಾಧಾನ ಹೇಳಿದ: "ನಿನ್ನೆ ಕಾಣ್ತಿತ್ತು ಸಾರ್." ಹಾಸನದವರಿಗೆ ಸಮುದ್ರ ಯಾವತ್ತೂ ನಿನ್ನೆ ಕಂಡದ್ದೇ.

ಶೆಟ್ಟಿಹಳ್ಳಿಗೂ ಹೋದೆವು. 1860ರ ಸುಮಾರಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು, ಈಗ ಚಾವಣಿಯಿಲ್ಲ, ಕಮಾನುಗಳಷ್ಟೇ ನಿಂತಿವೆ. ಮಳೆಗಾಲದಲ್ಲಿ ಇದೇ ಹಿನ್ನೀರಿನಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆದಾಡಬಹುದು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಸರದಿಯಲ್ಲಿದ್ದವು. ಅವ್ವ ಕಾರಿನಿಂದ ಇಳಿಯಲಿಲ್ಲ. "ಇವರದ್ದಾದ್ರೂ ಗೋಡೆ ಉಳೀತು" ಅಂದಳು.

ಆಗ ಹುಡುಗನಿಗೆ ಹೊಳೆಯಿತು. ನಮ್ಮೂರೂ ಮುಳುಗಡೆಯದೇ. ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಆ ಹೊತ್ತಿಗೆ ನಾವು ತೊಲೆ, ಬಾಗಿಲು, ಒರಳುಕಲ್ಲು ಎತ್ತಿನಗಾಡಿಗೆ ಹೇರಿಕೊಂಡು ಬಂದಾಗಿತ್ತು. 'ಮುಳುಗಡೆಯವರು' ಎಂಬ ಹೆಸರು ಹೊಸ ಊರಿನಲ್ಲಿ ಜಾತಿಯ ಹಾಗೆ ಅಂಟಿಕೊಂಡಿತು. ನಾಲ್ಕು ದಿನಕ್ಕೆಂದು ನಾನು ಹಿಡಿದ ಬಾಡಿಗೆ ಮನೆಯಿಂದ ಆ ಜಾಗ ಒಂದೂವರೆ ಮೈಲಿ. ನಾನದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವ್ವ ಮೊದಲ ಸಂಜೆಯೇ ಬೆಟ್ಟದ ಸಾಲು ನೋಡಿ ದಿಕ್ಕು ಹಿಡಿದಿದ್ದಳು.

ಮೂರನೆಯ ದಿನ ಬೆಳಿಗ್ಗೆ ಅವಳು ಹಾಸಿಗೆಯಲ್ಲಿರಲಿಲ್ಲ. ಹುಡುಕುತ್ತ ದಡಕ್ಕೆ ಓಡಿದರೆ, ನೀರು ಹಿಂದೆ ಸರಿದು ಹಸಿರೇರಿದ ಕೆಸರುನೆಲದಲ್ಲಿ ಸೀರೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದಳು. ಮಡಿಲ ತುಂಬ ಹೊನಗೊನ್ನೆ ಸೊಪ್ಪು.

"ಅಜ್ಜಿ, ನಿಮ್ಮ ಮನೆ ಎಲ್ಲಿತ್ತು?" ಹುಡುಗ ಮೊಬೈಲಿನಲ್ಲಿ ನಕ್ಷೆ ತೆರೆದ.

ಅವಳು ಸೊಪ್ಪು ಹಿಡಿದ ಕೈಯನ್ನೇ ನೀರಿನ ಕಡೆ ಎತ್ತಿದಳು. "ಅಲ್ಲೇ ಎಲ್ಲೋ. ನಮ್ಮ ಬಾವಿ ನೀರು ಸವುಳು ಕಣಪ್ಪ, ಬೇಳೆ ಬೇಯ್ತಿರಲಿಲ್ಲ. ಎರಡು ಕೊಡ ಸಿಹಿನೀರಿಗೆ ಒಂದು ಮೈಲಿ ನಡೀತಿದ್ದೆ. ಈಗ ನೋಡು, ಎಷ್ಟು ಬೇಕಾದ್ರೂ ಐತೆ." ಅಷ್ಟು ಹೇಳಿ ಸೊಪ್ಪಿಗೆ ತಿರುಗಿದಳು. "ಎಳೇದು ನೋಡಿ ಕೀಳು. ಬುಡ ಸಮೇತ ಎಳೀಬೇಡ."

ಎರಡು ಗಂಟೆ ಎಲ್ಲರೂ ಕೆಸರಿನಲ್ಲಿದ್ದೆವು. ಎರಡು ದಿನ ಕುರ್ಚಿ ಬಿಟ್ಟೇಳದ ನನ್ನ ಹೆಂಡತಿ ಮೊಣಕಾಲುದ್ದ ನೀರಿಗಿಳಿದು ಸೊಪ್ಪು ಜಾಲಿಸುತ್ತಿದ್ದಳು. ಕಯಾಕ್ ಬೋರಲಾಗಿ ಬಿದ್ದಿತ್ತು, ಅದರ ಮೇಲೆ ನಮ್ಮ ಚಪ್ಪಲಿಗಳು. ಹೋಂಸ್ಟೇಯ ಯಜಮಾನರು ಗಾಬರಿಯಿಂದ ಬಂದು, "ಅಡುಗೆಯವನಿದಾನಲ್ಲ ಸಾರ್, ಏನು ಬೇಕೋ ಹೇಳಿ" ಎಂದರು.

ಮಧ್ಯಾಹ್ನ ಅವರದೇ ಅಡುಗೆಮನೆಯಲ್ಲಿ ಅವ್ವ ನಿಂತು ಬಸ್ಸಾರು ಮಾಡಿಸಿದಳು. ಜತೆಗೆ ಮುದ್ದೆ. ಸೊಪ್ಪನ್ನು ಐದಾರು ನೀರಿನಲ್ಲಿ ತೊಳೆದಿದ್ದರೂ ಪಲ್ಯದಲ್ಲಿ ಹಲ್ಲಿಗೆ ಮರಳು ಸಿಕ್ಕಿತು. ಹುಡುಗ ಮುಖ ಕಿವುಚಿ ನನ್ನನ್ನು ನೋಡಿದ.

"ನಮ್ಮೂರಿಂದೇ ಕಣೋ ಮಣ್ಣು, ಏನಾಗಲ್ಲ," ಅಂದಳು ಅವ್ವ, "ನುಂಗು."