ಗಂಟೆ ಲೆಕ್ಕದ ದುಡ್ಡು

ಮಧ್ಯಾಹ್ನ ಊಟ ಮಾಡ್ತಾ ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳ ಅಂಕಿಅಂಶ ನೋಡ್ತಿದ್ದೆ. ಪ್ರೀಸ್ಕೂಲ್ ದಾಖಲಾತಿ ಚೆನ್ನಾಗಿ ಏರಿದೆ. ಆದರೆ ಶಾಲೆ ಸೇರೋ ಹೊತ್ತಿಗೆ ಬೆಳವಣಿಗೆಯ ಐದೂ ಅಳತೆಗಳಲ್ಲಿ ಸರಿಯಾಗಿರುವ ಮಕ್ಕಳು 2021ರಲ್ಲಿ ಶೇ. 34.3, 2024ರಲ್ಲಿ ಶೇ. 33.9. 2031ಕ್ಕೆ ಶೇ. 55 ಮುಟ್ಟಬೇಕಂತೆ!

ದುಡ್ಡು ಕೊಡೋ ರೀತಿಯಲ್ಲೇ ತೊಡಕಿದೆ ಅನ್ನಿಸ್ತು. 2018ರವರೆಗೆ ಸಮುದಾಯದವರೇ ನಡೆಸೋ ಎಷ್ಟೋ ಚೈಲ್ಡ್‌ಕೇರ್ ಕೇಂದ್ರಗಳಿಗೆ ಸರ್ಕಾರ ನೇರವಾಗಿ ಅನುದಾನ ಕೊಡ್ತಿತ್ತು. ಆಮೇಲೆ ಅವನ್ನೂ ಎಲ್ಲರಿಗಿರೋ ಸಬ್ಸಿಡಿಗೆ ಸೇರಿಸಿದರು. ಒಂದೊಂದು ಮಗುವಿಗೂ ಗಂಟೆ ಲೆಕ್ಕ, ಅಪ್ಪ ಅಮ್ಮ ಅರ್ಜಿ ತುಂಬಬೇಕು, ಮೊದಲೆಲ್ಲ ಕೆಲಸದ ವಿವರವನ್ನೂ ತೋರಿಸಬೇಕಿತ್ತು. ಮರುಭೂಮಿ ಸೀಮೆಯ ಪುಟ್ಟ ಊರುಗಳಲ್ಲಿ ಇರೋದೇ ಬೆರಳೆಣಿಕೆ ಮಕ್ಕಳು. ಯಾರಾದರೂ ತೀರಿಕೊಂಡರೆ ಕುಟುಂಬಕ್ಕೆ ಕುಟುಂಬವೇ ದೂರದೂರಿಗೆ ಹೊರಟು ವಾರಗಟ್ಟಲೆ ಅಲ್ಲೇ ಇರುತ್ತೆ. ಮಕ್ಕಳು ಬರದಿದ್ದರೆ ಗಂಟೆ ಲೆಕ್ಕದ ದುಡ್ಡೂ ಕಮ್ಮಿಯಾಗಬಹುದು. ಹಾಗಂತ ಟೀಚರ್ ಸಂಬಳ, ಮಕ್ಕಳನ್ನು ಕರೆತರೋ ವ್ಯಾನಿನ ಡೀಸೆಲ್, ಅಡುಗೆಮನೆ ಖರ್ಚು ನಿಲ್ಲುತ್ತಾ?

2026ರ ಜನವರಿಯಿಂದ ಕೆಲಸದ ಪ್ರಶ್ನೆ ಕೇಳದೆ ವಾರಕ್ಕೆ ಕನಿಷ್ಠ ಮೂರು ದಿನದ ಸಬ್ಸಿಡಿ, ಮೂಲನಿವಾಸಿ ಮಕ್ಕಳಿಗಾದರೆ ಅದಕ್ಕಿಂತ ಹೆಚ್ಚು. ತುಂಬಾ ಒಳ್ಳೇದು. ಆದರೂ ಇಂಥ ಕಡೆ ಕೇಂದ್ರಕ್ಕೇ, ಅದೂ ಹಲವು ವರ್ಷಗಳಿಗೆ ಒಟ್ಟಿಗೆ ಅನುದಾನ ಕೊಡಬೇಕು ಅನ್ನೋದು ನನ್ನ ಮಾತು. ಅಲ್ಲಿ ಚೈಲ್ಡ್‌ಕೇರ್‌ನಲ್ಲಿ ಕೆಲಸ ಮಾಡ್ತಿರೋ ಗೆಳೆಯರೇ, ನೀವೇನಂತೀರಿ?